ಆಕೆಯ ಹೆಸರು ಮೇಬಲ್ ನಾರ್ಮಂಡ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರದ ಪುರವಣಿಯಲ್ಲಿ ಮೂಕಿ ಕಾಲದ ನಗೆಚಿತ್ರಗಳ ಬಗ್ಗೆ ಒಂದು ಪುಟ ತುಂಬಾ ಲೇಖನ ಹಾಕಿದ್ದೀರಿ. ನಿಜಕ್ಕೂ ಸಂತೋಷವಾಯಿತು. ನೂರು ವರ್ಷಕ್ಕಿಂತ ಹಳೆಯ ಚಿತ್ರಗಳಿಗೆ ಒಂದು ಪುಟ ಬಿಟ್ಟುಕೊಡುವ ಪತ್ರಿಕೆಗಳು ಈಗ ಎಷ್ಟಿವೆ ಹೇಳಿ? ಆದರೆ ಮೂರನೇ ಕಾಲಮ್ಮಿನ ನಡುವೆ ಇದ್ದ ನಾಲ್ಕು ಸಾಲು ಓದಿ ಪತ್ರಿಕೆ ಕೆಳಗಿಟ್ಟೆ. ಅವತ್ತಿಡೀ ಅದೇ ಯೋಚನೆ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಆ ಸಾಲುಗಳಲ್ಲಿ ಇದ್ದದ್ದು ಇಷ್ಟು. ಚಾರ್ಲಿ ಚಾಪ್ಲಿನ್‌ನ ಒಂದು ಕಿರುಚಿತ್ರದಲ್ಲಿ ಹಳ್ಳಿಯವನೊಬ್ಬ ಸಿನಿಮಾ ನೋಡಲು ಬರುತ್ತಾನೆ. ತೆರೆಯ ಮೇಲಿನ ನಟಿಗೆ ಮರುಳಾಗುತ್ತಾನೆ. ಖಳನಾಯಕ ಅವಳ ಮೇಲೆ ಬಿದ್ದಾಗ ಪಿಸ್ತೂಲು ತೆಗೆದು ತೆರೆಗೇ ಗುಂಡು ಹೊಡೆಯುತ್ತಾನೆ. ಅಭಿಮಾನದ ಹುಚ್ಚು ಅವತ್ತೇ ಶುರುವಾಗಿತ್ತು ನೋಡಿ, ಅಂತ. ಪಕ್ಕದಲ್ಲಿ ಚಾಪ್ಲಿನ್ ಫೋಟೊ.

ತೆರೆಗೆ ಗುಂಡು ಹೊಡೆಯುವುದು ಚಾಪ್ಲಿನ್ ಚಿತ್ರದಲ್ಲಿ ಅಲ್ಲ. ಆ ಚಿತ್ರ ‘ಮೇಬಲ್ಸ್ ಡ್ರಮ್ಯಾಟಿಕ್ ಕೆರಿಯರ್’. ಅಮೆರಿಕದ ಕೀಸ್ಟೋನ್ ಕಂಪನಿ ತೆಗೆದದ್ದು. 1913ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಆಗ ಚಾಪ್ಲಿನ್ ಇನ್ನೂ ಕೀಸ್ಟೋನ್‌ಗೆ ಕೆಲಸಕ್ಕೆ ಬಂದೇ ಇರಲಿಲ್ಲ. ಆತನ ಮೊದಲ ಚಿತ್ರ ತೆರೆಗೆ ಬಂದದ್ದು 1914ರ ಫೆಬ್ರವರಿಯಲ್ಲಿ. ತೆರೆಗೆ ಗುಂಡು ಹೊಡೆಯುವ ಆ ಹಳ್ಳಿ ಹುಡುಗ ಮ್ಯಾಕ್ ಸೆನೆಟ್. ಕೀಸ್ಟೋನ್ ಸ್ಟುಡಿಯೋ ನಡೆಸುತ್ತಿದ್ದವನು ಆತನೇ, ಈ ಚಿತ್ರದ ನಿರ್ದೇಶಕನೂ ಆತನೇ. ತೆರೆಯ ಮೇಲಿನ ನಟಿ ಮೇಬಲ್ ನಾರ್ಮಂಡ್. ಇಡೀ ಪುಟದಲ್ಲಿ ಆಕೆಯ ಹೆಸರು ಒಂದು ಸಲವೂ ಇಲ್ಲ. ನನಗೆ ಜಾಸ್ತಿ ನೋವಾದದ್ದು ಅದು.

ಲೇಖಕರು ಎರಡು ಚಿತ್ರಗಳನ್ನು ಕಲಸಿಬಿಟ್ಟಿದ್ದಾರೆ ಅಂತ ಕಾಣುತ್ತದೆ. ಹಾಗಾಗುವುದು ಸುಲಭ. ಎರಡನೆಯದು ‘ಎ ಫಿಲ್ಮ್ ಜಾನಿ’, 1914ರ ಮಾರ್ಚ್‌ನದು. ಅದರಲ್ಲಿ ಚಾಪ್ಲಿನ್ ಇರುವುದು ನಿಜ. ಅದೂ ಕೀಸ್ಟೋನ್ ಚಿತ್ರವೇ. ಎರಡಕ್ಕೂ ಆರು ತಿಂಗಳ ಅಂತರವೂ ಇಲ್ಲ. ಎರಡರಲ್ಲೂ ಸಿನಿಮಾ ಹಾಲ್ ಇದೆ, ತೆರೆಯ ಮೇಲಿನ ಹುಡುಗಿಗೆ ಮನಸು ಕೊಟ್ಟವನಿದ್ದಾನೆ, ಪಿಸ್ತೂಲೂ ಇದೆ. ಆದರೆ ಚಾಪ್ಲಿನ್ ತೆರೆಗೆ ಗುಂಡು ಹೊಡೆಯುವುದಿಲ್ಲ. ಹಾಲ್‌ನಲ್ಲಿ ಕೂತು ಉಕ್ಕಿ ಉಕ್ಕಿ ಪಕ್ಕದವರಿಗೆಲ್ಲ ಕಾಟ ಕೊಟ್ಟು, ಹೊರಗೆ ತಳ್ಳಿಸಿಕೊಂಡು, ಅವಳನ್ನು ಹುಡುಕಿಕೊಂಡು ಸ್ಟುಡಿಯೋ ಬಾಗಿಲಿಗೇ ಹೋಗುತ್ತಾನೆ. ಕೊನೆಗೆ ಬೆಂಕಿ ಆರಿಸುವವರ ನೀರಿನಲ್ಲಿ ನೆನೆದು, ಕಿವಿ ಹಿಂಡಿಕೊಂಡರೆ ಬಾಯಿಂದ ನೀರು ಚಿಮ್ಮುತ್ತದೆ. ಅದು ಆ ಚಿತ್ರ.

ಹೆಸರು ತಪ್ಪಿದ್ದಷ್ಟೇ ಆಗಿದ್ದರೆ ನಾಲ್ಕು ಸಾಲಿನ ಕಾರ್ಡು ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಎರಡನ್ನೂ ಕಲಸಿದಾಗ ಒಂದು ಮುಖ್ಯ ವಿಷಯ ಕಳೆದುಹೋಗಿದೆ. ಅದನ್ನು ಹೇಳುವ ಮುಂಚೆ ನಾನು ಯಾರು ಅಂತ ಹೇಳಬೇಕು.

ನಾನು ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. 1978ರಿಂದ 2009ರವರೆಗೆ, ಮೂವತ್ತೊಂದು ವರ್ಷ ಒಂದೇ ಹಾಲ್‌ನ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿದೆ. ಶುರುವಿನಲ್ಲಿ ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದೆವು. ಆಮೇಲೆ ಲ್ಯಾಂಪ್ ಬಂತು. ಕ್ಯಾಬಿನ್ನಿನ ಗೋಡೆಯಲ್ಲಿ ಗಾಜು ಹಾಕಿದ ಸಣ್ಣ ಕಿಂಡಿಗಳಿರುತ್ತವೆ. ಒಂದರಿಂದ ಪ್ರೊಜೆಕ್ಟರಿನ ಬೆಳಕು ಹೋಗುತ್ತದೆ. ಇನ್ನೊಂದರಿಂದ ನಾವು ತೆರೆ ನೋಡುತ್ತೇವೆ. ನನ್ನ ಕಿಂಡಿ ಅಂಗೈಗಿಂತ ಸ್ವಲ್ಪ ದೊಡ್ಡದಿತ್ತು. ಮೂವತ್ತೊಂದು ವರ್ಷ ಸಿನಿಮಾ ಅಂದರೆ ನನಗೆ ಆ ಕಿಂಡಿಯೊಳಗೆ ಕಂಡದ್ದೇ.

ಕಿಂಡಿಯಿಂದ ತೆರೆ ಮಾತ್ರ ಅಲ್ಲ, ತಲೆಗಳೂ ಕಾಣುತ್ತವೆ. ಯಾರು ಎಲ್ಲಿ ಕೂರುತ್ತಾರೆ, ಯಾವಾಗ ಏಳುತ್ತಾರೆ, ಎಲ್ಲವೂ. ರೀಲು ಬದಲಾಯಿಸುವ ಹೊತ್ತಿಗೆ ನಾವು ಕಿಂಡಿಗೆ ಕಣ್ಣಿಟ್ಟೇ ಇರಬೇಕು. ರೀಲಿನ ಕೊನೆಯಲ್ಲಿ ತೆರೆಯ ಮೇಲಿನ ಬಲ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ಆಗ ಎರಡನೇ ಮೆಷಿನ್ನಿನ ಮೋಟಾರು ಹಾಕಬೇಕು. ಏಳು ಸೆಕೆಂಡು ಕಳೆದು ಇನ್ನೊಂದು ಚುಕ್ಕಿ. ಆಗ ಬೆಳಕು ಈ ಮೆಷಿನ್ನಿನಿಂದ ಆ ಮೆಷಿನ್ನಿಗೆ. ನೋಡುವವರಿಗೆ ಏನೂ ಗೊತ್ತಾಗಬಾರದು. ಆ ಏಳು ಸೆಕೆಂಡಿನಲ್ಲಿ ನಾನು ಹಾಲ್‌ನಲ್ಲಿ ಎಷ್ಟು ಮುಖ ನೋಡಿದ್ದೇನೋ.

ಒಬ್ಬ ಹುಡುಗ ನೆನಪಾಗುತ್ತಾನೆ. ಒಂದೇ ಚಿತ್ರಕ್ಕೆ ಹತ್ತೊಂಬತ್ತು ಸಲ ಬಂದಿದ್ದ. ಎಡಗಡೆ ಗೋಡೆ ಪಕ್ಕದ ಸೀಟು. ಕೊನೆಯ ರೀಲಿಗೆ ಮೊದಲ ಚುಕ್ಕಿ ಬಿತ್ತು ಅಂದರೆ ಎದ್ದು ಹೋಗುತ್ತಿದ್ದ. ಪ್ರತಿ ಸಲವೂ. ಆ ರೀಲಿನಲ್ಲಿ ನಾಯಕಿಯ ಮದುವೆ. ಗೇಟಿನಲ್ಲಿ ಟಿಕೆಟ್ ಹರಿಯುವವರು ಅವನಿಗೆ ಒಂದು ಅಡ್ಡಹೆಸರು ಇಟ್ಟು ನಗುತ್ತಿದ್ದರು. ಹತ್ತೊಂಬತ್ತನೇ ಸಲ ಅವನು ಹೊರಗೆ ಬರುವಾಗ ನಾನು ಸಹಾಯಕನಿಗೆ ಮೆಷಿನ್ ಒಪ್ಪಿಸಿ ಕೆಳಗಿಳಿದು ಬಂದಿದ್ದೆ. ‘ಯಾಕಪ್ಪಾ, ಕೊನೆ ನೋಡಲ್ವಾ?’ ಅಂತ ಕೇಳಿದೆ. ‘ಅದರಲ್ಲಿ ಅವರು ಈ ಕಡೆ ನೋಡಲ್ಲ ಸಾರ್’ ಅಂದ.

ಮನೆಗೆ ಹೋದಮೇಲೂ ಆ ಮಾತು ಬಿಡಲಿಲ್ಲ. ಮಾರನೇ ದಿನ ಆ ರೀಲನ್ನು ಬೇರೆ ಕಣ್ಣಿನಿಂದ ನೋಡಿದೆ. ಹುಡುಗ ಹೇಳಿದ್ದು ಸರಿ. ಮೊದಲ ರೀಲುಗಳಲ್ಲಿ ನಾಯಕಿ ನಾಲ್ಕೈದು ಕಡೆ ನೇರ ಕ್ಯಾಮೆರಾ ಕಡೆ ನೋಡುತ್ತಾಳೆ. ಹಾಡಿನಲ್ಲಿ, ಕಿಟಕಿ ಹತ್ತಿರ ನಿಂತಾಗ. ಮದುವೆಯ ದೃಶ್ಯದಲ್ಲಿ ಆಕೆ ನೋಡುವುದು ವರನನ್ನು ಮಾತ್ರ. ನೂರಾರು ಸಲ ಓಡಿಸಿದ ನನಗೆ ಕಾಣದೇ ಇದ್ದದ್ದು ಅವನಿಗೆ ಕಂಡಿತ್ತು. ಅವನನ್ನು ಹುಚ್ಚ ಅನ್ನಲು ನನಗೆ ಅವತ್ತಿನಿಂದ ಬಾಯಿ ಬರುವುದಿಲ್ಲ. ನಿಮ್ಮ ಲೇಖನದಲ್ಲಿ ಆ ಪದ ನೋಡಿದಾಗ ಮೊದಲು ನೆನಪಾದದ್ದು ಅವನೇ.

ಈಗ ಚಿತ್ರಕ್ಕೆ ಬರುತ್ತೇನೆ. ಮೊದಲ ಸಲ ಅದನ್ನು ನೋಡಿದ್ದು 1986ರಲ್ಲಿ. ಒಂದು ಫಿಲಂ ಸೊಸೈಟಿಯವರು ಬೆಳಗಿನ ಹೊತ್ತು ನಮ್ಮ ಹಾಲ್ ಬಾಡಿಗೆಗೆ ತಗೊಂಡಿದ್ದರು. ಅವರದೇ 16 ಎಂಎಂ ಪ್ರೊಜೆಕ್ಟರ್ ತಂದು ಸೀಟುಗಳ ನಡುವೆ ಇಟ್ಟರು. ಮೇಜಿನ ಮೇಲೆ ಪುಟ್ಟ ಮೆಷಿನ್. ನನಗೆ ಅವತ್ತು ಕೆಲಸವಿರಲಿಲ್ಲ. ಕುತೂಹಲಕ್ಕೆ ಹೋಗಿ ಪಕ್ಕದಲ್ಲಿ ನಿಂತೆ.

ಚಿತ್ರ ಶುರುವಾಯಿತು. ಎಲ್ಲರೂ ಗೊಂಬೆಗಳ ಹಾಗೆ ದಡಬಡ ಓಡಾಡುತ್ತಿದ್ದಾರೆ. ಜನ ನಗುತ್ತಿದ್ದರು. ನನಗೆ ಮಾತ್ರ ಕಿರಿಕಿರಿ. ಮೆಷಿನ್ನಿನ ಮೇಲೆ ಸೈಲೆಂಟ್, ಸೌಂಡ್ ಅಂತ ಎರಡು ಗುರುತಿನ ಸ್ವಿಚ್ ಇತ್ತು. ಅದು ಸೌಂಡ್ ಕಡೆ ಇತ್ತು. ಚಿತ್ರ ಮುಗಿದಮೇಲೆ ಅವರನ್ನು ಕೇಳಿಕೊಂಡೆ. ದಯವಿಟ್ಟು ಇನ್ನೊಂದು ಸಲ ಹಾಕಿ, ಸ್ವಿಚ್ ಈ ಕಡೆ ತಿರುಗಿಸಿ ಅಂತ. ಒಳ್ಳೆಯ ಜನ, ಒಪ್ಪಿಕೊಂಡರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಲೇಖನದಲ್ಲೂ ‘ಆ ಕಾಲದ ಚಿತ್ರಗಳಲ್ಲಿ ಮನುಷ್ಯರು ವಿಚಿತ್ರ ವೇಗದಲ್ಲಿ ಓಡುತ್ತಾರೆ’ ಎಂದಿದೆ. ಅವರು ಓಡುವುದಿಲ್ಲ. ನಾವು ಓಡಿಸುತ್ತೇವೆ. ಮೂಕಿ ಕಾಲದಲ್ಲಿ ಕ್ಯಾಮೆರಾಕ್ಕೆ ಕೈಹಿಡಿ. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಸುಮಾರು 16 ಫ್ರೇಮು, ಅಂದರೆ ಫಿಲಂ ಮೇಲೆ 16 ಬಿಡಿ ಚಿತ್ರ. ಒಬ್ಬೊಬ್ಬರ ಕೈ ಒಂದೊಂದು ಥರ, ಸ್ವಲ್ಪ ಹೆಚ್ಚು ಕಡಿಮೆ ಆಗುತ್ತಿತ್ತು. ಮಾತು ಬಂದಮೇಲೆ 1920ರ ದಶಕದ ಕೊನೆಯಲ್ಲಿ ಸೆಕೆಂಡಿಗೆ 24 ಅಂತ ಗಟ್ಟಿಯಾಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಮನುಷ್ಯ ಒಂದೂವರೆ ಪಟ್ಟು ಜೋರಾಗಿ ನಡೆಯುತ್ತಾನೆ. 35 ಎಂಎಂ ಫಿಲಂನಲ್ಲಿ ಒಂದು ಅಡಿಗೆ 16 ಫ್ರೇಮು. ಸಾವಿರ ಅಡಿಯ ಒಂದು ರೀಲು 16ರಲ್ಲಿ ಹದಿನಾರೂವರೆ ನಿಮಿಷಕ್ಕೂ ಜಾಸ್ತಿ ಹೊತ್ತು ಓಡಬೇಕು. 24ರಲ್ಲಿ ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಉಳಿದ ಐದೂವರೆ ನಿಮಿಷ ಎಲ್ಲಿ ಹೋಯಿತು? ನಟರ ಮುಖದಿಂದ ಹೋಯಿತು. ಒಂದು ನೋಟ ನಿಲ್ಲಬೇಕಾದ ಹೊತ್ತು, ಕಣ್ಣು ತುಂಬಲು ಬೇಕಾದ ಹೊತ್ತು, ಅದೇ ಮೊದಲು ಹೋಗುವುದು.

ಕೀಸ್ಟೋನ್‌ನವರು ಅಟ್ಟಿಸಿಕೊಂಡು ಹೋಗುವ ದೃಶ್ಯಗಳಲ್ಲಿ ಬೇಕೆಂದೇ ಕೈಹಿಡಿಯನ್ನು ನಿಧಾನ ತಿರುಗಿಸುತ್ತಿದ್ದರು. ಆಗ ಫ್ರೇಮು ಕಡಿಮೆ ಬೀಳುತ್ತದೆ, ತೆರೆಯ ಮೇಲೆ ಓಟ ಜೋರಾಗುತ್ತದೆ. ಅದು ಅವರೇ ಮಾಡಿದ ತಮಾಷೆ. ಅದನ್ನು ಹಾಗೇ ನೋಡಬೇಕು. ಆದರೆ ಅಡುಗೆಮನೆಯಲ್ಲಿ ನಿಂತು ಅಳುವ ಹುಡುಗಿಗೂ ಅದೇ ವೇಗ ಕೊಟ್ಟರೆ ಹೇಗೆ?

ಕಥೆ ಅಲ್ಲಿಂದಲೇ ಶುರು. ಮೇಬಲ್ ಒಂದು ಮನೆಯ ಅಡುಗೆ ಕೆಲಸದವಳು. ಮ್ಯಾಕ್ ಆ ಮನೆಯ ಮಗ. ಇಬ್ಬರಿಗೂ ಪ್ರೀತಿ. ಅವನ ತಾಯಿಗೆ ಇಷ್ಟವಿಲ್ಲ. ಅಷ್ಟರಲ್ಲಿ ಪಟ್ಟಣದಿಂದ ಒಬ್ಬ ಹುಡುಗಿ ಬರುತ್ತಾಳೆ. ಮ್ಯಾಕ್‌ನ ಮನಸು ಆ ಕಡೆ ವಾಲುತ್ತದೆ. ಮೇಬಲ್ ಸಿಟ್ಟಾಗುತ್ತಾಳೆ, ರಂಪವಾಗುತ್ತದೆ, ಅವಳು ಮನೆ ಬಿಟ್ಟು ಹೋಗಬೇಕಾಗುತ್ತದೆ. ಪಟ್ಟಣದ ಹುಡುಗಿಯೂ ಕೊನೆಗೆ ಮ್ಯಾಕ್‌ಗೆ ಒಲಿಯುವುದಿಲ್ಲ. ಮೇಬಲ್ ಹೋಗಿ ಸಿನಿಮಾ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರುತ್ತಾಳೆ. ಆ ಸ್ಟುಡಿಯೋ ಯಾವುದು ಗೊತ್ತಾ? ಕೀಸ್ಟೋನೇ. ಸಿನಿಮಾದೊಳಗೆ ಅದೇ ಸಿನಿಮಾ ಕಂಪನಿ.

ವರ್ಷಗಳು ಕಳೆಯುತ್ತವೆ. ಒಂದು ದಿನ ಮ್ಯಾಕ್ ನಿಕಲೋಡಿಯನ್‌ಗೆ ಬಂದು ಕೂರುತ್ತಾನೆ. ಐದು ಸೆಂಟಿನ ನಾಣ್ಯಕ್ಕೆ ಅಲ್ಲಿ ನಿಕಲ್ ಅನ್ನುತ್ತಾರೆ. ಅಷ್ಟು ಕೊಟ್ಟರೆ ಒಳಗೆ ಬಿಡುತ್ತಿದ್ದ ಸಣ್ಣ ಹಾಲ್‌ಗಳು ಅವು. ದೀಪ ಆರುತ್ತದೆ. ತೆರೆಯ ಮೇಲೆ ಮೇಬಲ್.

ನಾನು ಹೇಳಬೇಕೆಂದಿದ್ದ ವಿಷಯ ಇದು. ಅವನು ಯಾರೋ ನಟಿಗೆ ಮರುಳಾದವನಲ್ಲ. ಅವಳು ಅವನ ಮನೆಯಲ್ಲಿ ಪಾತ್ರೆ ತೊಳೆಯುವಾಗಿನಿಂದ ಅವನಿಗೆ ಗೊತ್ತು. ಅವಳನ್ನು ಕಳಕೊಂಡದ್ದು ತನ್ನದೇ ತಪ್ಪಿನಿಂದ ಅನ್ನುವುದೂ ಗೊತ್ತು. ಆ ಹಾಲ್‌ನಲ್ಲಿ ಕೂತ ಎಲ್ಲರಿಗೂ ಅವಳು ಸಿನಿಮಾದವಳು. ಅವನಿಗೊಬ್ಬನಿಗೆ ಅವಳು ಮೇಬಲ್. ಲೇಖನದಲ್ಲಿ ಈ ಒಂದು ಸಂಗತಿ ಬಿಟ್ಟುಹೋಗಿದೆ. ಅದು ಬಿಟ್ಟರೆ ಉಳಿಯುವುದು ಪಿಸ್ತೂಲು ಮಾತ್ರ.

ತೆರೆಯನ್ನೇ ನಿಜ ಅಂದುಕೊಂಡು ನುಗ್ಗುವ ಹಳ್ಳಿಯವನ ತಮಾಷೆ ಇದಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ರಾಬರ್ಟ್ ಪಾಲ್ 1901ರಲ್ಲೇ ಅಂಥದೊಂದು ತೆಗೆದಿದ್ದರು. ಮರುವರ್ಷ ಅಮೆರಿಕದಲ್ಲಿ ಎಡಿಸನ್ ಕಂಪನಿಗೆ ಎಡ್ವಿನ್ ಪೋರ್ಟರ್ ‘ಅಂಕಲ್ ಜಾಷ್ ಅಟ್ ದಿ ಮೂವಿಂಗ್ ಪಿಕ್ಚರ್ ಷೋ’ ಮಾಡಿದರು. ಎರಡು ನಿಮಿಷದ ಚಿತ್ರ. ಅದರಲ್ಲಿ ಅಂಕಲ್ ಜಾಷ್ ತೆರೆಯ ಮೇಲೆ ಪ್ರೇಮಿಗಳನ್ನು ಕಂಡು, ಹುಡುಗಿ ತನ್ನ ಮಗಳೇ ಅಂದುಕೊಂಡು, ತೆರೆಯನ್ನೇ ಕಿತ್ತು ಬೀಳಿಸುತ್ತಾನೆ. ಹಿಂದೆ ಪ್ರೊಜೆಕ್ಟರ್ ಆಪರೇಟರ್ ನಿಂತಿರುತ್ತಾನೆ. ಇಬ್ಬರೂ ಹೊಡೆದಾಡುತ್ತಾರೆ. ನಮ್ಮ ಕೆಲಸದವನೊಬ್ಬ ತೆರೆಯ ಮೇಲೆ ಕಂಡದ್ದು ಅಷ್ಟು ಹಿಂದೆ ಅಂತ ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು.

ಅಂಕಲ್ ಜಾಷ್ ಮೋಸ ಹೋದವನು. ಅವಳು ಅವನ ಮಗಳಲ್ಲ. ಹನ್ನೊಂದು ವರ್ಷ ಕಳೆದು ಸೆನೆಟ್ ಅದೇ ತಮಾಷೆ ತಗೊಂಡು ಒಂದೇ ಒಂದು ಗಂಟು ಬದಲಾಯಿಸಿದರು. ಇಲ್ಲಿ ಹುಡುಗಿ ನಿಜವಾಗಿಯೂ ಅವನ ಹುಡುಗಿ. ಅವನು ನೋಡುತ್ತಿರುವುದರಲ್ಲಿ ಅರ್ಧ ನಾಟಕ, ಅರ್ಧ ನಿಜ. ಖಳನ ಹಿಡಿತ ನಾಟಕ. ಮುಖ ನಿಜ. ಎದೆ ಬಡಿದುಕೊಳ್ಳುವಾಗ ಯಾರು ತಾನೇ ಇವೆರಡನ್ನೂ ಬೇರೆ ಮಾಡಿಯಾರು? ಪಕ್ಕದಲ್ಲಿ ಕೀಸ್ಟೋನ್‌ನ ಇನ್ನೊಬ್ಬ ನಗೆನಟ ರಾಸ್ಕೋ ಆರ್ಬಕಲ್ ಕೂತಿರುತ್ತಾರೆ, ಸುಮ್ನೆ ಸಿನಿಮಾ ನೋಡಲು ಬಂದ ಪ್ರೇಕ್ಷಕ. ಈ ಪಕ್ಕದವನ ಆವೇಶಕ್ಕೆ ಅವರು ಪಡುವ ಪಾಡು ನೋಡಿಯೇ ನಾವು ನಗುವುದು. ನಗು ಬರಲೇಬೇಕು, ಅಷ್ಟು ಚೆನ್ನಾಗಿದೆ. ನಾನೂ ನಕ್ಕಿದ್ದೇನೆ.

ಸ್ವಿಚ್ ತಿರುಗಿಸಿ ಎರಡನೇ ಸಲ ಓಡಿಸಿದಾಗ ಮ್ಯಾಕ್ ಅವಳನ್ನು ಗುರುತು ಹಿಡಿಯುವ ಜಾಗದಲ್ಲಿ ಹಾಲ್ ಸುಮ್ಮನಾಯಿತು. ಮೊದಲ ಸಲ ಅದೇ ಜಾಗದಲ್ಲಿ ಎಲ್ಲರೂ ನಕ್ಕಿದ್ದರು. ಅದೇ ಜನ, ಅದೇ ಫಿಲಂ. ಮಧ್ಯದಲ್ಲಿ ಆಗಿದ್ದು ಕಾಲು ಗಂಟೆ. ಸೊಸೈಟಿಯ ಹಿರಿಯರೊಬ್ಬರು ನನ್ನ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಗುಂಡು ಹಾರಿದಾಗ ಮತ್ತೆ ನಗು. ಆದರೆ ಅದು ಮೊದಲಿನ ನಗು ಅಲ್ಲ.

ಮುಂದಿನದು ಇನ್ನೂ ಚೆಂದ. ಗಲಾಟೆ ಎಬ್ಬಿಸಿ ಹೊರಬಿದ್ದ ಮ್ಯಾಕ್ ಖಳನಾಯಕನ ಬೆನ್ನು ಹತ್ತಿ ಹೋಗುತ್ತಾನೆ. ಆ ಖಳನ ಪಾತ್ರದಲ್ಲಿ ನಟ ಫೋರ್ಡ್ ಸ್ಟರ್ಲಿಂಗ್. ಮನೆ ಸಿಗುತ್ತದೆ. ಕಿಟಕಿಯಲ್ಲಿ ಇಣುಕುತ್ತಾನೆ. ಒಳಗೆ ಖಳನಾಯಕ ಮನೆಯ ಗೃಹಸ್ಥ. ಸುತ್ತ ಮಕ್ಕಳು. ಪಕ್ಕದಲ್ಲಿ ಹೆಂಡತಿ. ಹೆಂಡತಿ ಮೇಬಲ್.

ಸಂಪಾದಕರೇ, ಈ ಕಿಟಕಿಯನ್ನು ಒಂದು ಸಲ ಗಮನಿಸಿ. ಸ್ವಲ್ಪ ಹೊತ್ತಿನ ಹಿಂದೆ ಅವನು ಕತ್ತಲಲ್ಲಿ ಕೂತು ಬೆಳಕಿನ ಒಂದು ಚೌಕದಲ್ಲಿ ಅವಳನ್ನು ನೋಡುತ್ತಿದ್ದ. ಈಗಲೂ ಹೊರಗೆ ನಿಂತಿದ್ದಾನೆ, ಅವಳು ಚೌಕದೊಳಗೆ. ಮೊದಲ ಚೌಕಕ್ಕೆ ಗುಂಡು ಹೊಡೆದರೆ ಬಟ್ಟೆ ತೂತಾಗುತ್ತದೆ. ಎರಡನೆಯದಕ್ಕೆ ಹೊಡೆಯಲಾಗುವುದಿಲ್ಲ. ಅಲ್ಲಿ ಮಕ್ಕಳಿದ್ದಾರೆ, ಸಂಸಾರವಿದೆ. ಎರಡು ಚೌಕಗಳಲ್ಲಿ ಯಾವುದು ಅವಳನ್ನು ಅವನಿಂದ ಜಾಸ್ತಿ ದೂರ ಮಾಡಿತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕಿಂಡಿಯಲ್ಲಿ ಬದುಕು ಕಳೆದವನಿಗೆ ಆ ಕಿಟಕಿ ನೋಡಿ ಸುಮ್ಮನಿರಲು ಆಗುವುದಿಲ್ಲ. ಹತ್ತೊಂಬತ್ತು ಸಲ ಬಂದ ಹುಡುಗ ಈ ಕಿಟಕಿಯ ದೃಶ್ಯಕ್ಕೆ ಮೊದಲೇ ಎದ್ದು ಹೋಗುತ್ತಿದ್ದ ಅಂತ ನನಗೆ ಖಾತ್ರಿ.

ಈಗ ಹೆಸರಿನ ವಿಷಯ. ಇದನ್ನು ಓದಿದರೆ ನಾನು ಯಾಕೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ ಅಂತ ತಿಳಿಯುತ್ತದೆ.

ಕೀಸ್ಟೋನ್‌ಗೆ ಮುಂಚೆ ಮೇಬಲ್ ನಾರ್ಮಂಡ್ ಬಯೋಗ್ರಾಫ್ ಕಂಪನಿಯಲ್ಲಿದ್ದರು. ಅದಕ್ಕೂ ಮುಂಚೆ ನ್ಯೂಯಾರ್ಕಿನಲ್ಲಿ ಚಿತ್ರಕಾರರ ಮುಂದೆ ಮಾಡೆಲ್ ಆಗಿ ಕೂರುತ್ತಿದ್ದರು. ಅಂದರೆ ಆಗಲೂ ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಬೇಡ. ಬಯೋಗ್ರಾಫ್‌ನವರು ನಟ ನಟಿಯರ ಹೆಸರು ಹೊರಗೆ ಬಿಡುತ್ತಿರಲಿಲ್ಲ. ಮುಖ ಮೆಚ್ಚಿದ ಜನ ಹೆಸರಿಲ್ಲದೆಯೇ ‘ಬಯೋಗ್ರಾಫ್ ಹುಡುಗಿ’ ಅಂತ ಕರೆಯುತ್ತಿದ್ದರು. ಹಾಗೆ ಕರೆಸಿಕೊಂಡ ಫ್ಲಾರೆನ್ಸ್ ಲಾರೆನ್ಸ್ ಅವರನ್ನು ನಿರ್ಮಾಪಕ ಕಾರ್ಲ್ ಲೆಮ್ಲಿ ತಮ್ಮ ಕಂಪನಿಗೆ ಸೆಳೆದುಕೊಂಡರು. 1910ರಲ್ಲಿ ಆಕೆ ಸತ್ತಳೆಂಬ ಸುದ್ದಿ ಹಬ್ಬಿತು. ಅದು ಸುಳ್ಳು ಅಂತ ಲೆಮ್ಲಿ ಜಾಹೀರಾತು ಹಾಕಿಸಿದರು, ಹೆಸರು ಸಮೇತ. ಒಂದು ಹೆಸರಿಗೆ ಎಷ್ಟು ಬೆಲೆ ಅಂತ ಸಿನಿಮಾದವರಿಗೆ ಗೊತ್ತಾದದ್ದು ಆ ಹೊತ್ತಿನಲ್ಲೇ.

ಮೇಬಲ್ ಅವರಿಗೆ ಇನ್ನೂ ವಿಚಿತ್ರವಾದದ್ದು ಆಯಿತು. ಬಯೋಗ್ರಾಫ್ ಚಿತ್ರಗಳು ಇಂಗ್ಲೆಂಡಿಗೆ ಹೋದಾಗ ಅಲ್ಲಿಯ ಜನ ಹೆಸರು ಕೇಳಿದರು. ಅಲ್ಲಿ ಚಿತ್ರ ಹಂಚುವವರು ನಟರಿಗೆಲ್ಲ ಕಟ್ಟುಹೆಸರು ಕೊಟ್ಟರು. ಮೇಬಲ್ ನಾರ್ಮಂಡ್ ಅಲ್ಲಿ ‘ಮ್ಯೂರಿಯಲ್ ಫೋರ್ಟೆಸ್ಕ್ಯೂ’ ಆದರು. ಯೋಚಿಸಿ. ಯಾವುದೋ ಊರಿನ ಹುಡುಗ ರಾತ್ರಿಯೆಲ್ಲ ಆ ಮುಖ ನೆನೆಸಿಕೊಂಡು ಮ್ಯೂರಿಯಲ್, ಮ್ಯೂರಿಯಲ್ ಅಂದಿರಬಹುದು. ಆ ಹೆಸರಿನವರು ಲೋಕದಲ್ಲೇ ಇಲ್ಲ.

1912ರಲ್ಲಿ ಸೆನೆಟ್ ಕೀಸ್ಟೋನ್ ಶುರು ಮಾಡಿದಾಗ ಮೇಬಲ್ ಜೊತೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಹೆಸರು ಚಿತ್ರದ ತಲೆಯ ಮೇಲೇ ಬಂತು. ಮೇಬಲ್‌ನ ಅದು, ಮೇಬಲ್‌ನ ಇದು ಅಂತ ಒಂದಾದ ಮೇಲೊಂದು ಚಿತ್ರ. ಪಾತ್ರವೂ ಮೇಬಲ್, ನಟಿಯೂ ಮೇಬಲ್. ಅದಕ್ಕೇ ಈ ಕಿರುಚಿತ್ರ ಆ ಕಾಲದ ಜನಕ್ಕೆ ಅಷ್ಟು ನಾಟಿರಬೇಕು. ತೆರೆಗೆ ಗುಂಡು ಹೊಡೆಯುವ ಮ್ಯಾಕ್‌ನನ್ನು ನೋಡಿ ನಗುತ್ತಿದ್ದವರೂ ದುಡ್ಡು ಕೊಟ್ಟು ಬಂದದ್ದು ಅದೇ ಮೇಬಲ್‌ನ ನೋಡಲು ತಾನೇ? ಅವರೂ ಅವನ ಪಕ್ಕದ ಸೀಟಿನವರೇ.

ಆಕೆ ಬರೀ ಮುಖವೂ ಅಲ್ಲ. 1914ರಲ್ಲಿ ತಮ್ಮ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. ಹೊಸಬನಾಗಿದ್ದ ಚಾಪ್ಲಿನ್‌ನನ್ನೂ ನಿರ್ದೇಶಿಸಿದರು. ಒಂದು ಚಿತ್ರದ ಹೊತ್ತಿನಲ್ಲಿ ಇಬ್ಬರಿಗೂ ಜಗಳವಾಗಿ, ಆಮೇಲೆ ಸರಿಹೋಗಿ, ಜೊತೆಯಲ್ಲೇ ಇನ್ನಷ್ಟು ಚಿತ್ರ ಮಾಡಿದರು. ನಿಮ್ಮ ಪುಟದಲ್ಲಿ ಆಕೆಯ ಚಿತ್ರವನ್ನು ಆ ಚಾಪ್ಲಿನ್ ಹೆಸರಿಗೇ ಬರೆದುಬಿಟ್ಟಿದ್ದೀರಿ. ಚಾಪ್ಲಿನ್ ಮೇಲೆ ನನಗೆ ಅಪಾರ ಪ್ರೀತಿ. ಆದರೆ ಮೂಕಿ ನಗೆಚಿತ್ರದಲ್ಲಿ ಒಳ್ಳೆಯದು ಏನು ಕಂಡರೂ ಅದು ಚಾಪ್ಲಿನ್‌ದೇ ಇರಬೇಕು ಅನ್ನುವ ಅಭ್ಯಾಸ ನಮಗೆ ಬಂದುಬಿಟ್ಟಿದೆ. ಅದರಿಂದ ಎಷ್ಟೋ ಜನ ಮರೆಯಾಗಿದ್ದಾರೆ.

ಇನ್ನೊಂದು ಸಂಗತಿ ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳಿಬಿಡುತ್ತೇನೆ. ಮ್ಯಾಕ್ ಸೆನೆಟ್ ಮತ್ತು ಮೇಬಲ್ ನಾರ್ಮಂಡ್ ಹೊರಗೂ ಒಬ್ಬರನ್ನೊಬ್ಬರು ಪ್ರೀತಿಸಿದವರು. ಮದುವೆಯ ಮಾತು ಇತ್ತು. ಮದುವೆ ಆಗಲಿಲ್ಲ. ಮೇಬಲ್ 1926ರಲ್ಲಿ ಲ್ಯೂ ಕೋಡಿ ಅನ್ನುವ ನಟನನ್ನು ಮದುವೆಯಾದರು. 1930ರ ಫೆಬ್ರವರಿ 23ರಂದು ಕ್ಷಯದಿಂದ ತೀರಿಕೊಂಡರು. ಇನ್ನೂ ನಲವತ್ತು ತುಂಬಿರಲಿಲ್ಲ. ಸೆನೆಟ್ 1960ರವರೆಗೆ ಬದುಕಿದ್ದರು. ಮದುವೆ ಮಾಡಿಕೊಳ್ಳಲೇ ಇಲ್ಲ.

1913ರಲ್ಲಿ ಆ ಕಿಟಕಿಯ ದೃಶ್ಯ ತೆಗೆಯುವಾಗ ಅವರಿಬ್ಬರೂ ಬೇರೆಯಾಗುವುದು ಇನ್ನೂ ಮುಂದಿತ್ತು. ಹೊರಗೆ ನಿಂತು ನೋಡುವವನ ಪಾತ್ರ ಸೆನೆಟ್ ತಾವೇ ತಗೊಂಡರು, ಒಳಗಿನ ಗಂಡನ ಪಾತ್ರ ಇನ್ನೊಬ್ಬರಿಗೆ ಕೊಟ್ಟರು. ಇದರಲ್ಲಿ ಹೆಚ್ಚು ಅರ್ಥ ಹುಡುಕುವುದು ಸರಿಯಲ್ಲ ಅಂತ ಗೊತ್ತು. ಆದರೂ ಆ ಜಾಗ ಬಂದಾಗ ನನಗೆ ಗಂಟಲು ಕಟ್ಟುತ್ತದೆ.

ಹೋದ ತಿಂಗಳು ಮೊಮ್ಮಗಳು ಕಂಪ್ಯೂಟರಿನಲ್ಲಿ ಈ ಚಿತ್ರ ಹುಡುಕಿ ಹಾಕಿಕೊಟ್ಟಳು. ಮತ್ತೆ ಅದೇ ದಡಬಡ. ‘ವೇಗ ಕಡಿಮೆ ಮಾಡಲು ಬರುತ್ತಾ ಪುಟ್ಟಿ?’ ಅಂದೆ. ಒಂದು ಕಡೆ ಒತ್ತಿ 0.75 ಮಾಡಿದಳು. 24ರ ಮುಕ್ಕಾಲು ಅಂದರೆ 18. ಸಾಕು, ಹದವಾಗಿದೆ ಅಂದೆ. ಅವಳು ಸುಮ್ನೆ ಎದ್ದು ಹೋಗುವವಳಿದ್ದಳು. ಮೇಬಲ್ ಅಡುಗೆಮನೆಯಲ್ಲಿ ನಿಂತ ಮೇಲೆ ಕೂತುಬಿಟ್ಟಳು. ಮುಗಿದಮೇಲೆ ಕೇಳಿದಳು, ‘ತಾತ, ಆ ಅಂಕಲ್‌ಗೆ ಅವಳು ಆಮೇಲೆ ಸಿಕ್ಕಿದ್ಲಾ?’ ಇಲ್ಲ ಅಂದೆ. ‘ಮತ್ತೆ ಯಾಕೆ ನಗೋ ಸಿನಿಮಾ ಅಂತಾರೆ?’ ಉತ್ತರ ಹೊಳೆಯಲಿಲ್ಲ. ಇನ್ನೊಂದು ಸಲ ಹಾಕು ಅಂದೆ.

ನಿಮ್ಮ ಲೇಖಕರ ಮೇಲೆ ನನಗೆ ಕೋಪವಿಲ್ಲ. ಅವರು ನೋಡಿದ್ದು ಎಲ್ಲೋ ಒಂದು ತುಣುಕು ಇರಬೇಕು, ಅದೂ ಜೋರಾಗಿ ಓಡುವ ತುಣುಕು. ಗುಂಡು ಹೊಡೆಯುವ ಅರ್ಧ ನಿಮಿಷ ಮಾತ್ರ ನೋಡಿದರೆ ಯಾರಿಗಾದರೂ ಅವನು ಹುಚ್ಚನಾಗಿಯೇ ಕಾಣುತ್ತಾನೆ. ಅವರಿಗೆ ಈ ಕಾಗದ ತೋರಿಸಿ. ಪೂರ್ತಿ ಚಿತ್ರವನ್ನು ವೇಗ ಇಳಿಸಿ ಒಂದು ಸಲ ನೋಡಲು ಹೇಳಿ. ಕಾಲು ಗಂಟೆಯ ಕೆಲಸ. ಆಮೇಲೂ ಅವರಿಗೆ ಆ ಪದವೇ ಸರಿ ಅನ್ನಿಸಿದರೆ ನಾನು ವಾದ ಮಾಡುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರದ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಮೂಲೆಯಲ್ಲಾದರೂ ಸರಿ, ಸಣ್ಣ ಅಕ್ಷರದಲ್ಲಾದರೂ ಸರಿ. ಚಿತ್ರ ‘ಮೇಬಲ್ಸ್ ಡ್ರಮ್ಯಾಟಿಕ್ ಕೆರಿಯರ್’, 1913. ತೆರೆಗೆ ಗುಂಡು ಹೊಡೆದವನು ಮ್ಯಾಕ್ ಸೆನೆಟ್. ತೆರೆಯ ಮೇಲೆ ಇದ್ದವರು ಮೇಬಲ್ ನಾರ್ಮಂಡ್. ಜಾಗವಿದ್ದರೆ ಆಕೆಯ ಒಂದು ಫೋಟೊ ಹಾಕಿ. ಕ್ಯಾಮೆರಾ ಕಡೆ ನೇರ ನೋಡುತ್ತಿರುವ ಫೋಟೊ ಸಿಕ್ಕರೆ ಅದನ್ನೇ ಹಾಕಿ.

ಇತಿ,
ನಿಮ್ಮ ಪತ್ರಿಕೆಯ ಓದುಗ,
ನಿವೃತ್ತ ಪ್ರೊಜೆಕ್ಟರ್ ಆಪರೇಟರ್